ಮೂರು ಪೆಡಲಿನ ಮೋಟಾರನ್ನು ನಂಬಿದವರು

ಆ ಮೋಟಾರು ಕಂಪನಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆದರಿಕೆ ಏನಿಲ್ಲ. ಪುಕ್ಕಟೆ ಜಾಹೀರಾತು ಕೊಡಲು ನಾನೇನು ಅವರ ಮನೆಯ ಸೊಸೆಯಲ್ಲ. ಆ ಕಂಪನಿಯನ್ನು ನಂಬಿದ ಗಂಡಸರನ್ನು ಹತ್ತಿರದಿಂದ ಕಂಡಿದ್ದೇನೆ, ಅವರಲ್ಲೊಬ್ಬರ ಜೊತೆ ಸಂಸಾರ ಮಾಡಿದ್ದೇನೆ. ಬರೆಯಲು ಅಷ್ಟು ಸಾಕು.

ನಾನು ಓದಿದ್ದು ಮೂರನೆಯ ಇಯತ್ತೆ. ಶಹಾಪುರದ ನೇಕಾರರ ಮನೆಗೆ ಸೊಸೆಯಾಗಿ ಬಂದೆ. ಆಗ ಶಹಾಪುರ ಸಾಂಗಲಿ ಸಂಸ್ಥಾನದ್ದು, ಅದಕ್ಕೆ ಅಂಟಿಕೊಂಡ ಬೆಳಗಾವಿ ಇಂಗ್ರೇಜರದು. ಮಾವ ಬೇಗ ತೀರಿಕೊಂಡಿದ್ದರಿಂದ ನಮ್ಮ ಮನೆಯಲ್ಲಿ ಮಗ್ಗಕ್ಕೆ ಕೂರುತ್ತಿದ್ದವರು ಅತ್ತೆ ಮತ್ತು ನಾನು. ಗಂಡ ಮಗ್ಗದ ಕಡೆ ಸುಳಿಯುತ್ತಿರಲಿಲ್ಲ. ನೂಲು ಹಿಡಿದರೆ ಬೆರಳು ಉರಿಯುತ್ತದೆ ಎನ್ನುತ್ತಿದ್ದ ಮನುಷ್ಯ, ಬೆಳಗಾವಿಯ ದಂಡಿನ ಕ್ಯಾಂಪಿನಲ್ಲಿ ಒಬ್ಬ ಇಂಗ್ರೇಜ ಸಾಹೇಬರ ಮೋಟಾರು ತೊಳೆಯಲು ಸೇರಿ, ನಡೆಸಲು ಕಲಿತು, ಸಾಹೇಬರು ಊರು ಬಿಟ್ಟು ಹೋಗುವಾಗ ಅದನ್ನೇ ಕೊಂಡು ಮನೆಗೆ ತಂದರು. ಕುದಿಯುವ ಎಂಜಿನ್ನಿಗೆ ಕೈ ಹಾಕುವಾಗ ಅವರ ಬೆರಳು ಉರಿಯುತ್ತಿರಲಿಲ್ಲ.

ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಮಗ್ಗಕ್ಕೆ ಮೊದಲ ಆರತಿ ಎತ್ತುವುದು ನಮ್ಮ ಮನೆಯ ರೀತಿ. ಆ ವರ್ಷ ಮೋಟಾರಿಗೆ ಮೊದಲು ಎತ್ತಿಸಿದರು. ಅತ್ತೆ ತಟ್ಟೆ ಹಿಡಿದುಕೊಂಡೇ ಕೇಳಿದರು: "ಲೇ ತಮ್ಮಾ, ಆ ಕಂಪನಿಯವರು ನಿನಗ ಬೀಗರಾಗಬೇಕೇನು?"

"ಅವ್ವಾ, ಇಡೀ ಜಗತ್ತಿನ್ಯಾಗ ಬಡವರಿಗಂತ ಗಾಡಿ ಮಾಡಿದಾವ ಅಂವ ಒಬ್ಬನ."

"ಬಡವರಿಗಂತ ಮಾಡಿದ್ರ ನಮ್ಮ ಓಣ್ಯಾಗೆಲ್ಲಾ ಕೂಡಿ ಒಂದ ಯಾಕೈತಿ?"

ಇಂಥ ಮಾತು ಬಂದಾಗಲೆಲ್ಲ ಅವರು ಬಟ್ಟೆ ತಗೊಂಡು ಮೋಟಾರು ಒರೆಸುತ್ತಿದ್ದರು.

ಆ ಮೋಟಾರನ್ನು ಬೆಳಗಾವಿಯಿಂದ ಖಾನಾಪುರಕ್ಕೆ ಬಾಡಿಗೆಗೆ ಓಡಿಸಲು ಶುರು ಮಾಡಿದರು. ರೈಲು ಇತ್ತು, ಆದರೆ ಅದು ತನ್ನ ಹೊತ್ತಿಗೆ ಬರುತ್ತದೆ, ಜನರ ಹೊತ್ತಿಗಲ್ಲ. ನಡುವಿನ ಹಳ್ಳಿಯವರಿಗೆ ಸ್ಟೇಶನ್ನೂ ದೂರ. ಸಂತೆಯ ದಿನ ಐದು ಜನರ ಗಾಡಿಯಲ್ಲಿ ಒಂಬತ್ತು ಜನ, ಮೇಲೆ ಕೋಳಿ ಬುಟ್ಟಿ. ನಮ್ಮ ಮನೆಯ ಅರ್ಧ ಊಟ ಆ ದಾರಿಯಿಂದ ಬರುತ್ತಿತ್ತು. ಗಂಡನ ಮರ್ಯಾದೆ ಪೂರ್ತಿ ಆ ದಾರಿಯ ಮೇಲೇ ಇತ್ತು. ಖಾನಾಪುರದಲ್ಲಿ ಅವರನ್ನು "ಮೋಟಾರು ಮಾಸ್ತರು" ಎನ್ನುತ್ತಿದ್ದರು. ಶಹಾಪುರದಲ್ಲಿ ಮಾತ್ರ ಅವರು ಮಗ್ಗ ಬಿಟ್ಟವರು.

ಗಾಡಿಯ ಗುಣ ಹೇಳುತ್ತೇನೆ. ಮುಂದೆ ಹ್ಯಾಂಡಲ್ ಹಾಕಿ ತಿರುವಿದರೆ ಸಿಟ್ಟು ಬಂದ ಎತ್ತಿನಂತೆ ಒದೆಯುತ್ತಿತ್ತು. ಒಮ್ಮೆ ಮಣಿಕಟ್ಟು ಮುರಿದುಕೊಂಡರು. ಪೆಟ್ರೋಲಿನ ಡಬ್ಬಿ ಸೀಟಿನ ಕೆಳಗೆ. ಅಲ್ಲಿಂದ ಪೆಟ್ರೋಲು ತಾನಾಗಿ ಇಳಿದು ಎಂಜಿನ್ನಿಗೆ ಹೋಗಬೇಕು. ಏರಿನಲ್ಲಿ ಗಾಡಿಯ ಮೂತಿ ಮೇಲಾದರೆ ಪೆಟ್ರೋಲು ಮುಂದಕ್ಕೆ ಹರಿಯದೆ ಗಾಡಿ ಕೆಮ್ಮಿ ನಿಲ್ಲುತ್ತಿತ್ತು. ಅದಕ್ಕೆ ದಿಣ್ಣೆ ಬಂದಾಗ ಇವರು ಗಾಡಿ ತಿರುಗಿಸಿ, ಹಿಂದು ಮುಂದಾಗಿ ಹತ್ತಿಸುತ್ತಿದ್ದರು. ನಾನು ಒಮ್ಮೆ ಕೂತಿದ್ದೆ. ಬಾಜೂಕ್ಕೆ ಕೂತ ಮುದುಕಿ ಗಾಬರಿಯಾಗಿ ಕೇಳಿದಳು: "ಮಾಸ್ತರ, ಖಾನಾಪುರಕ್ಕ ಹೊಂಟೀವೋ, ವಾಪಸ್ ಬೆಳಗಾವಿಗೆ ಹೊಂಟೀವೋ?"

"ಆಯೀ, ಸುಮ್ಮ ಕುಂದರ್ರಿ. ಬ್ಯಾರೆ ಕಂಪನಿ ಗಾಡಿ ಹಿಂಗ ಹತ್ತತೈತೇನು?"

"ಬ್ಯಾರೆ ಗಾಡಿ ಮಾರಿ ಮುಂದ ಮಾಡಿ ಹತ್ತತಾವಂತಲ್ಲೋ ಯಪ್ಪಾ," ಎಂದಳು ಮುದುಕಿ. ಎಲ್ಲರೂ ನಕ್ಕರು, ಇವರೊಬ್ಬರು ನಗಲಿಲ್ಲ. ಕಂಪನಿ ಮಾಡಿದ ತಪ್ಪನ್ನೂ ಇವರು ಗಾಡಿಯ ಗುಣ ಎಂದು ಹೇಳಿಕೊಂಡು ತಿರುಗುತ್ತಿದ್ದರು. ಹೆಂಡತಿಯ ತಪ್ಪಿಗೆ ಆ ಸವಲತ್ತು ಇರಲಿಲ್ಲ.

ಇನ್ನು ನನ್ನ ಕೆಲಸದ ವಿಷಯ. ಆ ಗಾಡಿಗೆ ಕಾಲ ಬಳಿ ಮೂರು ಪೆಡಲು. ಎಡಗಡೆಯದು ಮುಂದೆ ಹೋಗಲು, ನಡುವಿನದು ಹಿಂದೆ ಹೋಗಲು, ಬಲಗಡೆಯದು ನಿಲ್ಲಲು. ಪೆಡಲು ಒತ್ತಿದರೆ ಒಳಗೆ ತಿರುಗುವ ಡೋಲಿನಂಥ ಚಕ್ರವನ್ನು ಒಂದು ಉಕ್ಕಿನ ಪಟ್ಟಿ ಬಿಗಿದು ಹಿಡಿಯುತ್ತದೆ. ಆ ಉಕ್ಕಿನ ಒಳಮೈಗೆ ಹತ್ತಿಯ ದಪ್ಪ ಪಟ್ಟಿ ಕೂರಿಸಿರುತ್ತಾರೆ. ಹತ್ತಿ ಸವೆದರೆ ಗಾಡಿ ಕಾಲಿನ ಮಾತು ಕೇಳುವುದಿಲ್ಲ. ಖಾನಾಪುರದ ದಾರಿಯಲ್ಲಿ ಅದು ಬೇಗ ಸವೆಯುತ್ತಿತ್ತು. ಹೊಸ ಪಟ್ಟಿ ಕ್ಯಾಂಪಿನ ಕಂಪನಿ ಅಂಗಡಿಯಲ್ಲಿ ಸಿಗಬೇಕು, ಅಲ್ಲಿ ಯಾವಾಗ ಕೇಳಿದರೂ "ಹಡಗಿನ್ಯಾಗ ಐತಿ."

ಒಂದು ದಿನ ಅವರು ಸವೆದ ಪಟ್ಟಿಯನ್ನು ಕಟ್ಟೆಯ ಮೇಲೆ ಇಟ್ಟಿದ್ದರು. ನಾನು ಎಣ್ಣೆ ಒರೆಸಿ ನೋಡಿದೆ. ಉದ್ದದ ಹಾಸು ಎಷ್ಟು ಎಳೆ, ಅಡ್ಡದ ಹೊಕ್ಕು ಎಷ್ಟು, ಎಲ್ಲ ಕಾಣುತ್ತಿತ್ತು.

"ಇದು ನವಾರ ಅಲ್ಲೇನ್ರೀ? ಮಂಚಕ್ಕ ಹೆಣಿತೀವಲ್ಲ, ಅದ."

"ಹುಚ್ಚಿ, ಇದು ವಿಲಾಯತಿ ಸಾಮಾನ."

"ವಿಲಾಯತ್ಯಾಗ ಹತ್ತಿ ಏನ್ ಗಿಡದಾಗ ಬಿಡೂದುಲ್ಲೇನು?"

ನಾನು ನೇಯ್ದೆ. ಅಳತೆಗೆ ಸರಿಯಾಗಿ, ಕಂಪನಿಯದಕ್ಕಿಂತ ಬಿಗಿಯಾಗಿ. ಮೊದಲ ಸಲ ಕೆಟ್ಟಿತು, ಅದನ್ನೂ ಹೇಳಬೇಕು. ನೇಕಾರರು ಹಾಸಿನ ನೂಲಿಗೆ ಗಂಜಿ ಕೊಡದೆ ನೇಯುವುದಿಲ್ಲ, ನಾನೂ ಕೊಟ್ಟಿದ್ದೆ. ಬಿಸಿ ಎಣ್ಣೆಯಲ್ಲಿ ಆ ಗಂಜಿ ಬೆಂದು ಗಾಡಿಯ ಹೊಟ್ಟೆಯಲ್ಲಿ ಅಂಬಲಿಯಾಯಿತು. ನಡುದಾರಿಯಲ್ಲಿ ಗಾಡಿ ನಿಂತು, ಇವರು ಒಳಗಿನಿಂದ ಮುಷ್ಟಿಗಟ್ಟಲೆ ಕರಿ ಅಂಟು ತೆಗೆದರು. ಆಮೇಲೆ ನಾನು ಪಟ್ಟಿಯನ್ನು ಬೂದಿ ನೀರಿನಲ್ಲಿ ಕುದಿಸಿ, ಕಲ್ಲಿಗೆ ಬಡಿದು ಗಂಜಿ ಪೂರ್ತಿ ತೆಗೆದೆ. ದೀಪದ ಉರಿಯ ಮೇಲೆ ಆಡಿಸಿ ನೂಲಿನ ಜುಂಗು ಸುಟ್ಟೆ. ಮೋಟಾರಿನ ಎಣ್ಣೆಯಲ್ಲೇ ಎರಡು ದಿನ ನೆನೆಹಾಕಿ ಕೊಟ್ಟೆ. ಆ ಪಟ್ಟಿ ಕಂಪನಿಯದಕ್ಕಿಂತ ಎರಡು ಪಟ್ಟು ಬಾಳಿತು. ಊರಿನ ಉಳಿದ ಮೋಟಾರಿನವರೂ ಬಂದು ನೇಯಿಸಿಕೊಂಡು ಹೋದರು.

ಉಳಿದವರು ಎಂದರೆ ಕೋಟೆಯ ಹತ್ತಿರದ ಒಬ್ಬ ವಕೀಲರು, ಖಾನಾಪುರದ ಒಬ್ಬ ಕಟ್ಟಿಗೆ ವ್ಯಾಪಾರಿ, ಇನ್ನೂ ಮೂರು ನಾಲ್ಕು ಜನ. ಎಲ್ಲರದೂ ಅದೇ ಕಂಪನಿಯ ಅದೇ ಮೂರು ಪೆಡಲಿನ ಗಾಡಿ. ರವಿವಾರ ಮುಂಜಾನೆ ಕ್ಯಾಂಪಿನ ಅಂಗಡಿಯ ಮುಂದೆ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ಗಂಡಿನ ಕಡೆಯವರು ಹೆಣ್ಣು ನೋಡುವಂತೆ ಒಬ್ಬರ ಗಾಡಿಯನ್ನು ಒಬ್ಬರು ಸುತ್ತು ಹಾಕಿ ನೋಡುತ್ತಿದ್ದರು. ಬೇರೆ ಕಂಪನಿಯ ಗಾಡಿ ದಾರಿಯಲ್ಲಿ ಹೋದರೆ ಎಲ್ಲರೂ ಕೂಡಿ ನಗುತ್ತಿದ್ದರು. ಅಂಗಡಿಯ ಏಜೆಂಟ ಇವರಿಗೆ ಚಹ ಕೊಡುತ್ತಿದ್ದ. ಅವನಿಗೆ ಗೊತ್ತಿತ್ತು, ಇವರಿಗಿಂತ ಸೋವಿಯ ಜಾಹೀರಾತು ಸಿಗುವುದಿಲ್ಲ ಎಂದು.

ಖಾಸಗಿಯಾಗಿ ಮಾತ್ರ ಎಲ್ಲರಿಗೂ ಸಂಕಟ ಇತ್ತು. ವರ್ಷಗಳು ಹೋದವು, ಬೇರೆ ಕಂಪನಿಗಳು ಒಂದೊಂದೇ ಸುಧಾರಣೆ ಮಾಡಿದವು, ಇವರ ಕಂಪನಿ ಅದೇ ಗಾಡಿಯನ್ನು ಅದೇ ಕರಿ ಬಣ್ಣದಲ್ಲಿ ಮಾಡುತ್ತಲೇ ಇತ್ತು. ವಕೀಲರು ಎಲ್ಲರ ಪರವಾಗಿ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದರು. ಏರಿನಲ್ಲಿ ಪೆಟ್ರೋಲು ಹರಿಯುವಂತೆ ಮಾಡಿರಿ, ಚಕ್ರಕ್ಕೆ ಗಟ್ಟಿ ಬ್ರೇಕು ಕೊಡಿರಿ, ಪಟ್ಟಿ ಬೇಗ ಸವೆಯುತ್ತದೆ, ನಾವು ನಿಮ್ಮ ಹಳೆಯ ಗಿರಾಕಿಗಳು. ಎಂಟು ತಿಂಗಳಾದ ಮೇಲೆ ಉತ್ತರವೆಂದು ಬಂದದ್ದು ಒಂದು ಕ್ಯಾಲೆಂಡರು. ಅದರಲ್ಲಿ ಗಾಡಿಯ ಚಿತ್ರ, ಗಾಡಿಯ ಮುಂದೆ ನಾಯಿ ಹಿಡಿದ ಒಬ್ಬ ವಿಲಾಯತಿ ಮಡ್ಡಮ್ಮ. ಇವರು ಅದನ್ನು ತಂದು ನಮ್ಮ ದೇವರ ಮನೆಯ ಬಾಗಿಲಿಗೆ ತೂಗುಹಾಕಿದರು.

"ಪತ್ರಕ್ಕ ಜವಾಬ ಎಲ್ಲೈತ್ರಿ ಇದರಾಗ?" ಎಂದೆ.

"ಅವರು ಓದ್ಯಾರ. ಓದಿದ್ದಕ್ಕ ಕಳಿಸ್ಯಾರ."

ಅಂಥ ಹೊತ್ತಿನಲ್ಲಿ ಖಾನಾಪುರದ ದಾರಿಗೆ ಒಂದು ಕೆಂಪು ಬಸ್ಸು ಬಂತು. ಬೇರೆ ಯಾವುದೋ ಕಂಪನಿಯ ಎಂಜಿನ್ನು, ಮೇಲೆ ಇಲ್ಲಿಯೇ ಕಟ್ಟಿದ ಕಟ್ಟಿಗೆಯ ಡಬ್ಬಿ. ಇಪ್ಪತ್ತು ಜನ ಕೂರುತ್ತಿದ್ದರು, ದಿಣ್ಣೆಯನ್ನು ಮುಖ ಮುಂದೆ ಮಾಡಿಕೊಂಡು ಹತ್ತುತ್ತಿತ್ತು. ಅದರ ಮಾಲಕ ಒಳ್ಳೆಯ ಮನುಷ್ಯ, ತಾನೇ ಮನೆಗೆ ಬಂದು ಹೇಳಿದ: "ಮಾಸ್ತರ, ಈ ದಾರಿ ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ. ಗಾಡಿ ಮಾರಿ ನನ್ನ ಕೂಡ ಪಾಲಿಗೆ ಬರ್ರಿ."

ಇವರು ಅವನಿಗೆ ನೀರು ಬೇಕೇ ಎಂದೂ ಕೇಳಲಿಲ್ಲ. "ನಮ್ಮ ಕಂಪನಿ ಹೊಸಾ ಗಾಡಿ ತರಾಕತ್ತೈತಿ. ಆಮ್ಯಾಲ ನಿಮ್ಮ ಡಬ್ಬಿ ಎಲ್ಲಿರತೈತಿ ನೋಡೂಣು," ಎಂದರು.

ಹೊಸ ಗಾಡಿಯ ಸುದ್ದಿ ಸುಳ್ಳೇನಲ್ಲ. ಕಂಪನಿ ಹಳೆಯ ಗಾಡಿ ಮಾಡುವುದನ್ನು ನಿಲ್ಲಿಸಿತ್ತು. ಏಜೆಂಟ ಇವರನ್ನೆಲ್ಲ ಕರೆದು ಆಣೆ ಹಾಕಿದಂತೆ ಹೇಳಿದ: "ಹಳೇ ಗಿರಾಕಿಗೆ ಮೊದಲು. ನಿಮ್ಮ ಹಳೇ ಗಾಡಿ ತಗೊಂಡು ಬದಲೀ ಹೊಸಾದು ಕೊಡ್ತೇವಿ. ಆದ್ರ ಒಂದ ಮಾತು. ಗಾಡ್ಯಾಗ ಪ್ರತಿಯೊಂದು ಸಾಮಾನ ಅಸಲೀ ಕಂಪನೀದ ಇರಬೇಕು. ಆ ಶಹಾಪುರದ ನವಾರ ಗಿವಾರ ನಡ್ಯೂದುಲ್ಲ."

ಎಲ್ಲರೂ ಹೂಂ ಎಂದರಂತೆ. ನನ್ನ ಪಟ್ಟಿ ಹಾಕಿಕೊಂಡು ವರ್ಷಗಟ್ಟಲೆ ಓಡಿದ ವಕೀಲರೂ ತಲೆಯಾಡಿಸಿದರಂತೆ. ಇದನ್ನು ಇವರೇ ಮನೆಗೆ ಬಂದು ಹೇಳಿದರು, ಹೇಳುತ್ತಲೇ ಗಾಡಿಯ ಹೊಟ್ಟೆ ಬಿಚ್ಚಲು ಕೂತರು.

ಹೊಸ ಗಾಡಿಯ ಸುದ್ದಿ ನಂಬಿ ಅಷ್ಟರಲ್ಲಿ ಒಂದೂವರೆ ವರ್ಷ ಕಾದಿದ್ದರು. ಕೆಂಪು ಬಸ್ಸಿಗೆ ಜನ ಹೋಗುತ್ತಲೇ ಇದ್ದರು. ಇವರ ಗಾಡಿಗೆ ಮುದುಕರು, ಹಳೆಯ ಪರಿಚಯದವರು ಮಾತ್ರ ಉಳಿದಿದ್ದರು. ಇನ್ನೊಂದು ಮಳೆಗಾಲ ಹೀಗೇ ಹೋದರೆ ದಾರಿ ಕೈಬಿಡುತ್ತದೆ ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹೊಸ ಗಾಡಿ ಬಂದರೆ ದಾರಿ ಉಳಿಯುತ್ತದೆ, ಬದಲಿ ಸಿಗದಿದ್ದರೆ ಹೊಸ ಗಾಡಿ ನಮ್ಮ ಕೈಗೆ ಎಟುಕುವುದಿಲ್ಲ. ಅದಕ್ಕೇ ಅವರು ನನ್ನ ಮೂರೂ ಪಟ್ಟಿ ಕಿತ್ತು, ಏಜೆಂಟನ ಅಂಗಡಿಯ ಮೂಲೆಯಲ್ಲಿ ಸಿಕ್ಕ ಕೊನೆಯ ಮೂರು ಕಂಪನಿ ಪಟ್ಟಿ ಹಾಕಲು ಹೊರಟರು. ನಾನು ಅದರಲ್ಲೊಂದನ್ನು ಕೈಯಲ್ಲಿ ಮಡಚಿ ನೋಡಿದೆ. ಎಷ್ಟು ವರ್ಷದಿಂದ ಬಿದ್ದಿತ್ತೋ, ಒಣಗಿದ ಹಪ್ಪಳದಂತೆ ಸದ್ದು ಮಾಡಿತು. ಹೊಕ್ಕಿನ ನೂಲು ಪುಡಿಯಾಗಿ ಅಂಗೈ ಮೇಲೆ ಉದುರಿತು.

"ಇದು ಸತ್ತೈತ್ರಿ. ಹಾಕಬ್ಯಾಡ್ರಿ."

"ಅಸಲೀ ಐತಿ."

"ಅಸಲೀ ಹೆಣ."

"ನಿನಗ ನಿನ್ನ ನವಾರದ ಸೊಕ್ಕು," ಎಂದರು. "ಅಷ್ಟ್ ದೊಡ್ಡ ಕಂಪನಿಗಿಂತ ನಿನಗ ಹೆಚ್ಚಿಗಿ ತಿಳೀತೈತೇನು?"

ಈ ವಿಷಯದಲ್ಲಿ ತಿಳಿಯುತ್ತಿತ್ತು. ಈಗಲೂ ಅದನ್ನೇ ಹೇಳುತ್ತೇನೆ. ಅತ್ತೆ ಮಗ್ಗದಿಂದ ಏಳದೆಯೇ ಅಂದರು: "ಬಿಡ ತಂಗಿ. ಬಡವರ ಮಾತು ಬಿದ್ದ ಮ್ಯಾಲ ತಿಳೀತೈತಿ."

ಬೀಳಲು ನಾಲ್ಕು ದಿನವೂ ಹಿಡಿಯಲಿಲ್ಲ. ಸಂತೆಯ ದಿನ, ಗಾಡಿಯಲ್ಲಿ ಆರು ಜನ. ಖಾನಾಪುರದಲ್ಲಿ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ಬಲಗಾಲ ಪೆಡಲು ಒತ್ತಿದರೆ ಒಳಗೆ ಏನೂ ಹಿಡಿಯಲಿಲ್ಲ. ಎಡಗಡೆಯದನ್ನು ಒತ್ತಿದರು. ನಡುವಿನದನ್ನೂ ಒತ್ತಿದರು. ಮೂರೂ ಪಟ್ಟಿಗಳು ಒಳಗೆ ಪುಡಿಯಾಗಿದ್ದವು. ಎದುರಿಗೆ ಹೊಳೆ, ದಾರಿಯ ತುಂಬ ಸಂತೆಯ ಜನ. ಇವರು ಗಾಡಿಯನ್ನು ಪಕ್ಕದ ಕುಂಬಾರರ ಅಂಗಳಕ್ಕೆ ಹೊರಳಿಸಿದರು. ಒಣಗಲು ಇಟ್ಟ ಹಸಿ ಗಡಿಗೆಗಳ ಸಾಲುಗಳನ್ನು ಒಡೆದುಕೊಂಡು ಹೋಗಿ ಕಲಸಿದ ಮಣ್ಣಿನ ಗುಡ್ಡೆಯಲ್ಲಿ ಮೂತಿ ಹೂತು ನಿಂತಿತು. ಯಾರೂ ಸಾಯಲಿಲ್ಲ. ಒಬ್ಬಳ ಹಲ್ಲು ಹೋಯಿತು, ಒಬ್ಬನ ಮೊಣಕಾಲು ಊದಿತು. ಕುಂಬಾರ ಮುದುಕ ಸೊಂಟದ ಮೇಲೆ ಕೈ ಇಟ್ಟುಕೊಂಡು ಬಂದು, ಗಾಡಿಯನ್ನೂ ಇವರನ್ನೂ ನೋಡಿ ಮರಾಠಿಯಲ್ಲಿ ಬೈದ, ಸಾಕಾಗದೆ ಕನ್ನಡದಲ್ಲೂ ಬೈದ: "ಮೂರ್ ತಿಂಗಳ ಕೆಲಸ ತುಳದ್ಯಲ್ಲೋ ಮಾಸ್ತರಾ! ಆನಿ ಸಾಕಿದ್ರ ಕಟ್ಟಾಕ ಹಗ್ಗಾನೂ ಇಟ್ಕೋಬೇಕು!"

ಅವತ್ತು ಖಾನಾಪುರದಿಂದ ವಾಪಸು ಬರುವ ಆರೂ ಜನ ಕೆಂಪು ಬಸ್ಸು ಹತ್ತಿದರು. ಆಮೇಲೆ ಯಾರೂ ಇವರ ಗಾಡಿಗೆ ಬರಲಿಲ್ಲ. ದಾರಿ ಹೋಯಿತು.

ಎತ್ತು ಕಟ್ಟಿ ಗಾಡಿಯನ್ನು ಮನೆಗೆ ಎಳೆಸಿ ತಂದ ಮೇಲೆ ನಾನು ಒಳಗಿನ ಪುಡಿಯನ್ನೆಲ್ಲ ಸೆರಗಿನ ತುದಿಗೆ ಕಟ್ಟಿಕೊಂಡು ಅವರ ಜೊತೆ ಕ್ಯಾಂಪಿಗೆ ನಡೆದೆ. ಬೇಡ ಎಂದರು, ನಾನು ನಿಲ್ಲಲಿಲ್ಲ. ಅಂಗಡಿಯಲ್ಲಿ ಹೊಸ ಗಾಡಿ ಬಂದು ನಿಂತಿತ್ತು. ಚೆಂದ ಇತ್ತು, ಸುಳ್ಳು ಯಾಕೆ ಹೇಳಲಿ. ವಕೀಲರೂ ಉಳಿದವರೂ ಸುತ್ತ ನಿಂತಿದ್ದರು, ಆದರೆ ಯಾರ ಮುಖದಲ್ಲೂ ಹಬ್ಬ ಇರಲಿಲ್ಲ. ಹೊಸದಕ್ಕೂ ಮೂರು ಪೆಡಲು, ಆದರೆ ಬಲಗಾಲಿನದು ಗಾಡಿ ಓಡಿಸಲು. ಹಳೆಯದರಲ್ಲಿ ಅದೇ ಕಾಲು ಗಾಡಿ ನಿಲ್ಲಿಸುತ್ತಿತ್ತು. ವಕೀಲರು ಮುಂಜಾನೆಯಷ್ಟೇ ಅದನ್ನು ನಡೆಸಿ ನೋಡಿ, ನಿಲ್ಲಿಸಲು ಹೋಗಿ ಜೋರು ಮಾಡಿ, ಅಂಗಡಿಯ ಕಂಪೌಂಡಿಗೆ ಗುದ್ದಿದ್ದರು. ಹತ್ತು ವರ್ಷ ಕಾಲಿಗೆ ಕಲಿಸಿದ್ದನ್ನು ಕಂಪನಿ ಒಂದೇ ದಿನದಲ್ಲಿ ತಪ್ಪು ಮಾಡಿಬಿಟ್ಟಿತ್ತು.

ನಾನು ಸೆರಗು ಬಿಚ್ಚಿ ಪುಡಿಯನ್ನು ಏಜೆಂಟನ ಮೇಜಿನ ಮೇಲೆ ಸುರಿದೆ.

"ಇದು ನಿಮ್ಮ ಅಸಲೀ ಸಾಮಾನ. ಆರು ಮಂದೀನ ಹೊಳಿಗೆ ಹಾಕತಿತ್ತು."

ಏಜೆಂಟ ನನ್ನನ್ನು ನೋಡಲಿಲ್ಲ, ಇವರನ್ನು ನೋಡಿ ಹೇಳಿದ: "ಮಾಸ್ತರ, ಮನ್ಯಾಗಿನ ಮಂದೀನ ಯಾಕ ಕರಕೊಂಡ ಬಂದ್ರಿ? ಹಳೇ ಮಾಲು, ಹಿಂಗ ಆಗತೈತಿ."

"ಬದಲೀ ಗಾಡಿ?" ಎಂದು ಇವರು ಕೇಳಿದರು.

"ಬದಲೀ ಯೋಜನಾ ಕಂಪನಿ ಬಂದ್ ಮಾಡೈತಿ. ಹಳೇ ಗಾಡಿ ಈಗ ಯಾರೂ ತಗೊಳ್ಳೂದುಲ್ಲ. ಗುಜರಿಗೆ ಹಾಕ್ರಿ."

"ನೀವ ಹೇಳಿದ್ರಿ. ಎಲ್ಲಾರ ಮುಂದ."

"ನಾ ಹೇಳಿದ್ದು ಕಂಪನಿ ಹೇಳಿದ್ದು. ಈಗ ಕಂಪನಿ ಬ್ಯಾರೆ ಹೇಳತೈತಿ."

ನಾನು ವಕೀಲರ ಕಡೆ ತಿರುಗಿದೆ. "ಏನ್ರೀ ವಕೀಲಸಾಹೇಬ್ರ, ನೀವೂ ಅಲ್ಲೇ ಇದ್ರಲ್ಲ. ಕಾಯದೇದಾಗ ಇದಕ್ಕೇನಂತಾರ?" ವಕೀಲರು ಕಂಪೌಂಡಿನ ಒಡೆದ ಕಲ್ಲು ನೋಡುತ್ತ ನಿಂತರು. ಆ ಗಂಡಸರು ಕಂಪನಿಯ ಮೇಲೆ ಸಿಟ್ಟಾಗಿದ್ದರು ಎಂದು ಈಗ ಹೇಳಿಕೊಳ್ಳುತ್ತಾರೆ. ಅವತ್ತು ನಾನು ಕಂಡದ್ದು ಸಿಟ್ಟಲ್ಲ. ತವರಿನವರು ಬಾಗಿಲು ಹಾಕಿಕೊಂಡ ಮೇಲೆ ಓಣಿಯಲ್ಲಿ ನಿಂತ ಹೆಣ್ಣುಮಕ್ಕಳ ಮುಖ ಹೇಗಿರುತ್ತದೋ ಹಾಗೆ ಇತ್ತು. ನನಗೆ ಅಯ್ಯೋ ಎನಿಸಲಿಲ್ಲ. ಅವರ ಕಂಪನಿ ಎಂದೂ ಅವರ ಒಂದು ಪತ್ರಕ್ಕೂ ಉತ್ತರ ಕೊಟ್ಟಿರಲಿಲ್ಲ. ತವರು ಎಂದು ಇವರೇ ಅಂದುಕೊಂಡದ್ದು.

ಏಜೆಂಟ ಮೂರ್ಖನಲ್ಲ. ಹದಿನೈದು ದಿನ ಬಿಟ್ಟು ಮನೆಗೆ ಹೇಳಿ ಕಳಿಸಿದ. ಖಾನಾಪುರದ ಕಡೆಯವರು ಹೊಸ ಗಾಡಿ ಕೊಳ್ಳಲು ಹಿಂದೆ ಮುಂದೆ ನೋಡುತ್ತಿದ್ದಾರೆ, ಮಾಸ್ತರ ಮಾತು ಅಲ್ಲಿ ನಡೆಯುತ್ತದೆ, ಗಾಡಿ ನಡೆಸಿ ತೋರಿಸಲಿ, ತಿಂಗಳ ಪಗಾರ ಕೊಡುತ್ತೇನೆ ಎಂದ. ಮನೆಯಲ್ಲಿ ಮೂರು ಹೊಟ್ಟೆ. ಇವರು ನನ್ನ ಮುಖ ನೋಡಿದರು.

"ನನ್ನ ಯಾಕ ನೋಡ್ತೀರಿ? ಅಷ್ಟ್ ದೊಡ್ಡ ಕಂಪನಿಗಿಂತ ನನಗ ಹೆಚ್ಚಿಗಿ ತಿಳೀತೈತೇನು?" ಎಂದೆ. ಚುಚ್ಚಿದ್ದು ಗೊತ್ತಿದ್ದೇ ಚುಚ್ಚಿದೆ.

ಹೋದರು. ಹೊಸ ಪೆಡಲುಗಳಿಗೆ ಕಾಲು ಹೊಂದಿಸಿಕೊಳ್ಳಲು ಎರಡು ದಿನ ಕ್ಯಾಂಪಿನ ಮೈದಾನದಲ್ಲಿ ಸುತ್ತಿದರು. ಮೂರನೆಯ ದಿನ ಏಜೆಂಟನನ್ನು ಬಾಜೂಕ್ಕೆ ಕೂರಿಸಿಕೊಂಡು ಖಾನಾಪುರಕ್ಕೆ ಹೋದರು. ದಿಣ್ಣೆಯನ್ನು ಮುಖ ಮುಂದೆ ಮಾಡಿಯೇ ಹತ್ತಿಸಿದರಂತೆ. ಕಟ್ಟಿಗೆ ವ್ಯಾಪಾರಿಯ ಅಂಗಳದಲ್ಲಿ ಜನ ಕೂಡಿದರು. ಅಲ್ಲಿ ನಡೆದದ್ದನ್ನು ಆ ವ್ಯಾಪಾರಿಯ ಹೆಂಡತಿ ಆಮೇಲೆ ನನಗೆ ಹೇಳಿದಳು.

ವ್ಯಾಪಾರಿ ಗಾಡಿಯ ಸುತ್ತ ತಿರುಗಿ ಕೇಳಿದ: "ಮಾಸ್ತರ, ಏಜೆಂಟರ ಮಾತು ಬಿಡ್ರಿ. ನೀವು ಹೇಳ್ರಿ. ಗಾಡಿ ಹೆಂಗೈತಿ?"

"ಗಾಡಿ ಚಲೋ ಐತಿ," ಎಂದರು ಇವರು.

ಏಜೆಂಟ ನಕ್ಕ.

"ಹಳೇದಕ್ಕಿಂತ ಹತ್ತು ಪಾಲು ಚಲೋ ಐತಿ. ಏರ ಹತ್ತತೈತಿ, ಹಿಡದ್ರ ನಿಲ್ಲತೈತಿ. ಹಳೇದೂ ಒಂದ ಕಾಲಕ್ಕ ಚಲೋ ಇತ್ತು. ನಿಮಗೂ ಗೊತ್ತೈತಿ. ಇದನ್ನ ಮಾಡೂದು ಅವರು ಯಾವತ್ತ ಬಿಡ್ತಾರೋ ಅವತ್ತ ನಿಮಗ ಯಾರೂ ಹೇಳಿ ಬಿಡೂದುಲ್ಲ. ನಾ ಆದ್ರ ತಗೊಳ್ಳೂದುಲ್ಲ."

ಏಜೆಂಟ ಅಲ್ಲೇ, ಎಲ್ಲರ ಮುಂದೆ, ಕೈ ಚಾಚಿ ಗಾಡಿಯ ಚಾವಿ ಕೇಳಿದ. ಇವರು ಕೊಟ್ಟರು. ಏಜೆಂಟನಿಗೆ ಗಾಡಿ ಮಾರಲು ಬರುತ್ತಿತ್ತು, ನಡೆಸಲು ಅರೆಬರೆ ಬರುತ್ತಿತ್ತು. ಗಾಡಿ ಎರಡು ಸಲ ಬಂದ್ ಬಿದ್ದು, ಮೂರನೆಯ ಸಲ ಜಿಗಿದು ಹೋಯಿತಂತೆ. ಇವರು ರೈಲಿನಲ್ಲಿ ಮನೆಗೆ ಬಂದರು. ಆ ಕಟ್ಟಿಗೆ ವ್ಯಾಪಾರಿ, ಎಲ್ಲ ಕೇಳಿಸಿಕೊಂಡವನು, ಮುಂದಿನ ತಿಂಗಳು ಅದೇ ಗಾಡಿ ಕೊಂಡ. ವಕೀಲರೂ ಕೊಂಡರು. ಗಂಡಸರಿಗೆ ಒಮ್ಮೆ ಮೋಸವಾದರೆ ಸಾಕಾಗುವುದಿಲ್ಲ.

ಇವರು ಕೊಳ್ಳಲಿಲ್ಲ, ಕೊಳ್ಳುವ ತಾಕತ್ತೂ ಇರಲಿಲ್ಲ. ಎರಡು ವಾರ ಮನೆಯಲ್ಲಿ ಕೂತರು. ಗಾಡಿಯನ್ನು ಒರೆಸಲಿಲ್ಲ. ಆಮೇಲೆ ಒಂದು ಮುಂಜಾನೆ ಸ್ನಾನ ಮಾಡಿ, ಕೆಂಪು ಬಸ್ಸಿನ ಮಾಲಕನ ಮನೆಗೆ ತಾವೇ ನಡೆದುಕೊಂಡು ಹೋದರು. ಪಾಲು ಕೇಳುವ ಕಾಲ ಹೋಗಿತ್ತು, ಡ್ರೈವರ ಕೆಲಸ ಸಿಕ್ಕಿತು. ಮತ್ತೆ ಅದೇ ಖಾನಾಪುರದ ದಾರಿ, ಬೇರೆಯವರ ಬಸ್ಸು.

ಮೊದಲ ದಿನ ಸಂಜೆ ಬಂದು ಊಟಕ್ಕೆ ಕೂತಾಗ ನಾನು ರೊಟ್ಟಿ ಬಡಿಸುತ್ತ ಕೇಳಿದೆ: "ಆ ಬಸ್ಸು ಯಾವ ಕಂಪನೀದ್ರಿ?"

"ಯಾರಿಗ್ಗೊತ್ತು," ಎಂದರು. "ಮುಂಜಾನಿ ಎಂಟಕ್ಕ ಬಿಡತೈತಿ. ಚಟ್ನಿ ಹಾಕು."